ದೇವರ ಎತ್ತುಗಳಿಗೊಂದು ಆಮಂತ್ರಣ

ಹೊಸ ಫ್ಲೆಕ್ಸಿಗೆ ಒಂದು ವಾಸನೆ ಇದೆ, ನೀವು ಗಮನಿಸಿದ್ದೀರೋ ಇಲ್ಲವೋ. ಸೀಮೆಎಣ್ಣೆಗೂ ಹೊಸ ಚಪ್ಪಲಿಗೂ ನಡುವಿನ ವಾಸನೆ ಅದು. ಮೊನ್ನೆ ಚಳ್ಳಕೆರೆಯ ಅಂಗಡಿಯಿಂದ ಬಂದ ಸುರುಳಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದೆ. ‘ಡಾ. ಮಾರಕ್ಕ ಅವರಿಗೆ ಅಭಿನಂದನೆ’ ಎಂದು ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಮಾರಕ್ಕನ ಮುಖ, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ನಮ್ಮ ನಿರ್ದೇಶಕರ ಮುಖ. ವಾಸನೆ ಮೂಗಿಗೆ ಬಡಿದದ್ದೇ ತಡ, ಇದೇ ಮಾರಕ್ಕನ ಸಲುವಾಗಿ ಕೆಲವು ವರ್ಷಗಳ ಹಿಂದೆ ಮಾಡಿಸಿದ ಇನ್ನೊಂದು ಫ್ಲೆಕ್ಸು ನೆನಪಿಗೆ ಬಂತು.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮದು ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಸಂಶೋಧನಾ ಸಂಸ್ಥೆ. ಚಳ್ಳಕೆರೆಯ ಹೊರಗೆ ಕಾವಲಿನ ಬಯಲಿನಲ್ಲಿದೆ. ಒಳಗಿರುವವರಲ್ಲಿ ಕೆಲವರಿಗೆ ಜೀವ ಗೊತ್ತು, ಕೆಲವರಿಗೆ ವಿಜ್ಞಾನ ಗೊತ್ತು. ಎರಡೂ ಗೊತ್ತಿಲ್ಲದ ನನಗೆ ‘ಸುದ್ದಿ ಮತ್ತು ಕಾರ್ಯಕ್ರಮಗಳು’ ಎಂಬ ಪುಟವನ್ನು ಒಪ್ಪಿಸಿದ್ದಾರೆ. ಕಾರ್ಯಕ್ರಮ ನಾಳೆ ಇದ್ದರೆ ಅದರ ವರದಿ ಇವತ್ತೇ ಸಿದ್ಧವಾಗಿರುತ್ತದೆ: ದೀಪ ಬೆಳಗಿಸಿದರು, ಕರೆ ನೀಡಿದರು, ವಂದಿಸಿದರು. ನಾಳೆಯನ್ನು ಭೂತಕಾಲದಲ್ಲಿ ಬರೆಯುವ ವಿದ್ಯೆ ಜ್ಯೋತಿಷಿಗಳಿಗೂ ಬಾರದು. ಒಮ್ಮೆ ಮುಖ್ಯ ಅತಿಥಿಗಳು ಬರಲೇ ಇಲ್ಲ. ಆದರೂ ಅವರು ಯುವಜನತೆಗೆ ಕೊಟ್ಟ ಕರೆ ನಮ್ಮ ಪುಟದಲ್ಲಿ ಈಗಲೂ ಇದೆ. ಯಾರೂ ಆಕ್ಷೇಪಿಸಿಲ್ಲ, ಆ ಅತಿಥಿಗಳೂ ಸೇರಿ.

ಹಳೆಯ ಫ್ಲೆಕ್ಸಿನ ಮೇಲಿದ್ದದ್ದು ‘ದೇವರ ಎತ್ತುಗಳ ರಕ್ತ ಮಾದರಿ ಸಂಗ್ರಹ ಶಿಬಿರ’ ಎಂದು. ದೇವರ ಎತ್ತು ಅಂದರೆ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ದೂರದವರಿಗಾಗಿ ಹೇಳುತ್ತೇನೆ. ಹಟ್ಟಿಯವರು ತಮ್ಮ ದೇವರ ಹೆಸರಿನಲ್ಲಿ ಬಿಟ್ಟ ದನಗಳು ಅವು. ಅವನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಹೊಡೆಯುವಂತಿಲ್ಲ. ನೋಡಿಕೊಳ್ಳುವವನನ್ನು ಕಿಲಾರಿ ಎನ್ನುತ್ತಾರೆ. ಆ ಹುದ್ದೆಗೆ ಗೌರವ ಬಹಳ, ಬಡ್ತಿ ಮಾತ್ರ ಇಲ್ಲ. ನನ್ನ ಹುದ್ದೆಯಲ್ಲಿ ಗೌರವವೂ ಇಲ್ಲವಾದ್ದರಿಂದ ನಾನು ಕಿಲಾರಿಗಳನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡುತ್ತೇನೆ.

ಮಾರಕ್ಕ ದೇವಸಮುದ್ರದ ಕಡೆಯ ಹಟ್ಟಿಯ ಹುಡುಗಿ. ಅವ್ವ ಕೂಲಿನಾಲಿ ಮಾಡಿ ಓದಿಸಿದ್ದಳು. ನಮ್ಮ ಸಂಸ್ಥೆಗೆ ಸಂಶೋಧನೆಗೆ ಸೇರಿದಾಗ ಅವಳು ಆರಿಸಿಕೊಂಡ ವಿಷಯ, ಈ ನಾಡ ದನಗಳು ಇಲ್ಲಿನ ಬಿಸಿಲನ್ನು ಹೇಗೆ ತಾಳಿಕೊಳ್ಳುತ್ತವೆ ಎಂಬುದು. ಅದಕ್ಕೆ ಬೇರೆ ತಳಿ ಬೆರೆಯದ ಹಿಂಡಿನ ರಕ್ತ ಬೇಕಿತ್ತು. ಅಂಥ ಹಿಂಡು ಹತ್ತಿರದಲ್ಲಿ ಇದ್ದದ್ದು ಒಂದೇ. ಅದರ ಕಿಲಾರಿ ಅವಳ ಸೋದರಮಾವ ಓಬಯ್ಯನವರು. ಅವಳ ಗೈಡೂ ಆಗಿದ್ದ ನಿರ್ದೇಶಕರಿಗೆ ಇದು ಗೊತ್ತಾದಾಗ ಕೈಯಲ್ಲಿ ಬೆಣ್ಣೆ ಇದ್ದು ತುಪ್ಪಕ್ಕೆ ಯಾಕೆ ಅಲೆಯಬೇಕು ಎಂಬಂತೆ ನಕ್ಕರು.

“ನಿಮ್ಮ ಮಾವ ತಾನೇ? ಒಂದು ಫೋನ್ ಮಾಡಿ, ಆಯ್ತು.”

“ಮಾವ ಅಂತಾನೇ ಕಷ್ಟ ಸಾರ್” ಎಂದಳು ಮಾರಕ್ಕ.

ಮಾವನ ಉತ್ತರ ಅವಳು ಹೇಳಿದಂತೆಯೇ ಬಂತು. “ಸೂಜಿನಾ? ಬ್ಯಾಡ ಕಣವ್ವ. ಇಷ್ಟು ವರ್ಷ ಕೋಲು ಮುಟ್ಟಿಸಿಲ್ಲ ಇವಕ್ಕೆ. ಬ್ಯಾರೆ ಏನಾರ ಕೇಳು.” ಅವಳಿಗೆ ಬೇರೆ ಏನೂ ಬೇಕಿರಲಿಲ್ಲ. ಫೆಲೋಶಿಪ್ ಆ ವರ್ಷಕ್ಕೆ ಮುಗಿಯುತ್ತಿತ್ತು. ರಕ್ತ ಸಿಗದಿದ್ದರೆ ವಿಷಯ ಬದಲಿಸಿ ಮೊದಲಿಂದ ಶುರುಮಾಡಬೇಕು, ಅದೂ ಕೈಯಿಂದ ಖರ್ಚು ಹಾಕಿಕೊಂಡು. ಕ್ಯಾಂಟೀನಿನಲ್ಲಿ ನನ್ನೆದುರು ಕೂತು ಒಂದು ದಿನ ಅಂದಳು: “ಮತ್ತೆ ಒಂದನೇ ಕ್ಲಾಸಿಗೆ ಸೇರ್ಕೊಂಡಂಗೆ ಸಾರ್. ನಾನೇನೋ ಸೇರ್ಕೊಂತೀನಿ, ಅವ್ವ ಇನ್ನೂ ಎಷ್ಟು ವರ್ಷ ಕೂಲಿಗೆ ಹೋಗ್ತಾಳೆ?” ನನ್ನ ಬಳಿ ಇದ್ದವೆಲ್ಲ ವರದಿಯ ಮಾತುಗಳು.

ಹಾಗೆಂದು ಅನುಮತಿ ಇರಲಿಲ್ಲವೆಂದಲ್ಲ. ನಮ್ಮ ಎಥಿಕ್ಸ್ ಕಮಿಟಿ ತಿಂಗಳುಗಟ್ಟಲೆ ಕೂತು, ಸೂಜಿಯ ಗಾತ್ರದಿಂದ ಹಿಡಿದು ಎತ್ತಿನ ಮನಸ್ಸಿನ ನೆಮ್ಮದಿಯವರೆಗೆ ಚರ್ಚಿಸಿ, ಒಪ್ಪಿಗೆ ಕೊಟ್ಟಾಗಿತ್ತು. ಎತ್ತುಗಳನ್ನು ಕಂಡವರು ಆ ಕಮಿಟಿಯಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಕಡೆಗೆ ನಿರ್ದೇಶಕರು ಒಂದು ಉಪಾಯ ಹುಡುಕಿದರು. “ಕರೆದು ಗೌರವಿಸೋಣ. ಶಾಲು ಹೊದಿಸಿದ ಮೇಲೆ ಬೇಡ ಅಂದವರನ್ನ ನಾನಂತೂ ನೋಡಿಲ್ಲ” ಎಂದರು. ಅವರ ಅನುಭವವೆಲ್ಲ ವಿಶ್ವವಿದ್ಯಾಲಯದ ಒಳಗಿನದು.

ಆಮಂತ್ರಣ ಬರೆದವನು ನಾನು. ಎಂದಿನ ನಮೂನೆಯಲ್ಲೇ ಬರೆದೆ: ‘ತಾವು ದೇವರ ಎತ್ತುಗಳೊಂದಿಗೆ ಸಪರಿವಾರ ಆಗಮಿಸಿ ಕಾರ್ಯಕ್ರಮವನ್ನು ಯಶಸ್ವಿಗೊಳಿಸಬೇಕಾಗಿ ವಿನಂತಿ.’ ಈ ವಾಕ್ಯವನ್ನು ಯಾರಾದರೂ ನಂಬುತ್ತಾರೆಂದು ನಾನು ಎಣಿಸಿರಲಿಲ್ಲ. ಹಟ್ಟಿಯವರು ನಂಬಿದರು. ಇಷ್ಟು ದೊಡ್ಡ ಸಂಸ್ಥೆ ದೇವರ ಎತ್ತುಗಳನ್ನು ಮನೆಗೆ ಕರೆದಿದೆ ಎಂದರೆ ದೇವರನ್ನೇ ಕರೆದಂತೆ. ದೇವರನ್ನು ಕರೆದರೆ ದೇವರು ಒಂಟಿಯಾಗಿ ಬರುತ್ತದೆಯೇ?

ಆ ದಿನ ಮೊದಲು ಉರುಮೆ ವಾದ್ಯದ ಸದ್ದು ಕೇಳಿತು. ಆಮೇಲೆ ಧೂಳು ಕಂಡಿತು. ಮುಂದೆ ಉರುಮೆ, ಹಿಂದೆ ತಲೆಯ ಮೇಲೆ ದೇವರ ಪೆಟ್ಟಿಗೆ ಹೊತ್ತ ಪೂಜಾರಿ, ಆರತಿ ತಟ್ಟೆ ಹಿಡಿದ ಹೆಣ್ಣುಮಕ್ಕಳು, ಅವರ ಹಿಂದೆ ಎತ್ತಿನ ಹಿಂಡು, ಹಿಂಡಿನ ಹಿಂದೆ ಇಡೀ ಹಟ್ಟಿ. ಐಡಿ ಕಾರ್ಡ್ ಇಲ್ಲದೆ ನನ್ನನ್ನೇ ಒಳಗೆ ಬಿಡದ ಗೇಟಿನ ಕಾವಲುಗಾರ ಟೋಪಿ ತೆಗೆದು ಕೈಮುಗಿದ. ಉದ್ಘಾಟನೆಗೆಂದು ನೀರು ಹಾಕಿ ಬೆಳೆಸಿದ್ದ ಲಾನನ್ನು ಎತ್ತುಗಳು ಸ್ವಾಗತ ಭಾಷಣಕ್ಕೂ ಮೊದಲೇ ಉದ್ಘಾಟಿಸಿದವು. ಒಬ್ಬ ಅಜ್ಜಿ ನಿರ್ದೇಶಕರ ಮುಂದೆ ನಿಂತು, “ಶೂ ಬಿಡಪ್ಪ, ದೇವ್ರು ಬಂದೈತೆ” ಅಂದಳು. ತಳಿವಿಜ್ಞಾನದಲ್ಲಿ ಹೆಸರು ಮಾಡಿದ ನಮ್ಮ ನಿರ್ದೇಶಕರು ಕಾಲುಚೀಲದ ಸಮೇತ ಬಿಚ್ಚಿ, ಬರಿಗಾಲಲ್ಲಿ ನಿಂತು ಎತ್ತಿಗೆ ಆರತಿ ಎತ್ತಿದರು. ಆ ಫೋಟೋ ನನ್ನ ಬಳಿ ಇದೆ. ಕೇಳಬೇಡಿ, ಕೊಡುವುದಿಲ್ಲ.

ಶಾಲು ಹೊದಿಸಿಯೂ ಆಯಿತು. ನಿರ್ದೇಶಕರು ಮೆಲ್ಲಗೆ ಸೂಜಿಯ ಮಾತು ತೆಗೆದರು. ಓಬಯ್ಯನವರು ಶಾಲನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

“ನಂದೇನೈತೆ ಸಾಮಿ, ನಾನು ಕಾಯೋನು. ಯಜಮಾನ ಪೆಟ್ಟಿಗ್ಯಾಗವ್ನೆ. ಕೇಳಾನ, ಏನಂತಾನೋ.”

ಕೇಳುವುದೆಂದರೆ ಹೂವಿನ ಅಪ್ಪಣೆ. ದೇವರ ಮೂರ್ತಿಗೆ ನೀರಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸಿ, ಎದುರು ನಿಂತು ಬೇಡಿಕೊಳ್ಳುವುದು. ಹೂ ಬಲಕ್ಕೆ ಬಿದ್ದರೆ ಆಗಲಿ ಎಂದರ್ಥ, ಎಡಕ್ಕೆ ಬಿದ್ದರೆ ಬೇಡ ಎಂದರ್ಥ. ಕಟ್ಟಡದ ಪಡಸಾಲೆಯಲ್ಲಿ ಪೆಟ್ಟಿಗೆ ಇಳಿಸಿದರು. ಪೂಜಾರಿ ಹೂ ಅಂಟಿಸಿದ. ಉರುಮೆ ನಿಂತಿತು. ಬೇಸಿಗೆಯ ನಡುಹಗಲು, ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಹೂವೂ ಅಲುಗಲಿಲ್ಲ. ನಿರ್ದೇಶಕರು ನನ್ನ ಕಿವಿಯಲ್ಲಿ, “ಸ್ಯಾಂಪಲ್ ಸೈಜ್ ಒಂದೇನಾ? ಮೂರು ಸಲ ಮಾಡಿ ಸರಾಸರಿ ತೆಗೆಯೋದಿಲ್ವಾ?” ಎಂದು ಕೇಳಿದರು. ಆದರೂ ಅವರ ಕೈಗಳು ತಾವಾಗಿಯೇ ಜೋಡಿಕೊಂಡಿದ್ದವು.

ಪಡಸಾಲೆಯ ಮೂಲೆಯಲ್ಲಿ ನಿರ್ದೇಶಕರ ಕುರ್ಚಿಗೆಂದು ತಂದಿಟ್ಟ ನಿಲುವು ಫ್ಯಾನೊಂದು ತಿರುಗುತ್ತಿತ್ತು. ಎಲ್ಲರೂ ಹೂವನ್ನೇ ನೋಡುತ್ತಿದ್ದಾಗ, ಹಿಂದೆ ನಿಂತಿದ್ದ ಮಾರಕ್ಕ ಅದರ ಕತ್ತು ಹಿಡಿದು ಇಷ್ಟೇ ಇಷ್ಟು ಈಚೆಗೆ ತಿರುಗಿಸಿದಳು. ಹಣೆಯ ಬೆವರು ಒರೆಸಿಕೊಂಡಳು, ಸೆಕೆಗೆ ತಿರುಗಿಸಿದವಳ ಹಾಗೆ. ಹೂವಿನ ಎಸಳು ನಡುಗಿತು. ಒಂದು ಗಳಿಗೆ ತಡೆದು ಬಲಕ್ಕೆ ಬಿತ್ತು. ಉರುಮೆ ಮತ್ತೆ ಮೊಳಗಿತು, ಹೆಣ್ಣುಮಕ್ಕಳು ಕೈಮುಗಿದರು. “ಅಪ್ರೂವ್ಡ್?” ಎಂದರು ನಿರ್ದೇಶಕರು. ಹೌದು ಎಂದೆ. ಕಮಿಟಿಗೆ ತಿಂಗಳುಗಳು ಬೇಕಾಗಿದ್ದ ಕೆಲಸ ಹೀಗೆ ಅರ್ಧ ಗಂಟೆಯೊಳಗೆ ಮುಗಿಯಿತು.

ನನಗೆ ಹೇಳಲಾರದಷ್ಟು ಸಂತೋಷವಾಯಿತು. ಹುಡುಗಿ ಉಳಿದುಕೊಂಡಳಲ್ಲ ಎಂಬ ಸಂತೋಷ. ಆದರೆ ಸೂಜಿ ಹಿಡಿದು ಮೊದಲ ಎತ್ತಿನ ಪಕ್ಕ ನಿಂತ ಮಾರಕ್ಕನ ಕೈ ಗಡಗಡ ನಡುಗುತ್ತಿತ್ತು. ಎಷ್ಟೋ ದನಗಳ ರಕ್ತ ತೆಗೆದ ಕೈ ಅದು. ಎತ್ತಿನ ಕೊರಳು ತಬ್ಬಿ ನಿಂತಿದ್ದ ಓಬಯ್ಯನವರು ಅದನ್ನು ನೋಡಿದರು. ದನಗಳ ಜೊತೆ ಅವರ ಮಾತು ತೆಲುಗಿನಲ್ಲಿ, ನಮ್ಮ ಜೊತೆ ಕನ್ನಡದಲ್ಲಿ. “ಏಮೀ ಲೇದು ನಾಯನಾ, ಏಮೀ ಲೇದು” ಎಂದು, ಏನೂ ಆಗಲ್ಲ ಕಣಪ್ಪ ಎಂಬಂತೆ, ಎತ್ತಿನ ಮೈ ಸವರಿದರು. ಆಮೇಲೆ ದನಿ ತಗ್ಗಿಸಿ ಸೋದರಸೊಸೆಗೆ ಕನ್ನಡದಲ್ಲಿ ಹೇಳಿದರು:

“ನೀನು ಫ್ಯಾನ್ ತಿರುವಿದ್ದು ನೋಡ್ದೆ ಕಣವ್ವ.”

ಮಾರಕ್ಕ ಸೂಜಿ ಕೆಳಗಿಳಿಸಿ ಅಳತೊಡಗಿದಳು. ಕ್ಯಾಮೆರಾ ಹಿಡಿದು ಹತ್ತಿರದಲ್ಲೇ ನಿಂತಿದ್ದ ನಾನು ಆಕಾಶ ನೋಡತೊಡಗಿದೆ.

“ಅಳಬ್ಯಾಡ, ಎತ್ತು ಬೆದರ್ತಾವೆ. ನಾನು ನೋಡ್ದಂಗೆ ದೇವ್ರೂ ನೋಡೈತಲ್ಲ? ಬ್ಯಾಡ ಅನ್ನಂಗಿದ್ರೆ ಆಗ್ಲೇ ಕರೆಂಟ್ ತೆಗೀತಿರ್ಲಿಲ್ವಾ? ನಮ್ ಕಡೆ ಕರೆಂಟ್ ತೆಗಿಯಾದೇನು ದೇವ್ರಿಗೆ ಕಷ್ಟಾನಾ? ತಗೋ, ತಗೋ.”

ಮಾರಕ್ಕ ಅಳುತ್ತಲೇ ನಕ್ಕಳು. ಕೈಯ ನಡುಕ ನಿಂತಿತು. ಅವತ್ತು ಸಂಜೆಯೊಳಗೆ ಅವಳಿಗೆ ಬೇಕಾದಷ್ಟು ರಕ್ತ ಸಿಕ್ಕಿತು. ನಾನು ಹಿಂದಿನ ದಿನವೇ ಬರೆದಿಟ್ಟಿದ್ದ ‘ಶಿಬಿರ ಯಶಸ್ವಿ’ ಎಂಬ ವರದಿ, ನನ್ನ ವೃತ್ತಿಜೀವನದಲ್ಲಿ ಮೊದಲ ಸಲ, ನಿಜವೂ ಆಯಿತು. ಕರೆಂಟಿನ ಆ ತರ್ಕವನ್ನು ಆಮೇಲೆ ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಹೆಸರು ಮಾತ್ರ ಬದಲಿಸಿ ಹೇಳುತ್ತಿದ್ದೆ.

ನಿನ್ನೆ ಅಭಿನಂದನೆ ಮುಗಿಯಿತು. ಓಬಯ್ಯನವರು ಬಸ್ಸಿನಲ್ಲಿ ಬಂದಿದ್ದರು, ವಯಸ್ಸಾಗಿದೆ. ಮಾರಕ್ಕ ವೇದಿಕೆಯಿಂದ ಇಳಿದು ಬಂದು ಅವರ ಕಾಲಿಗೆ ಬಿದ್ದಳು. ವಾಪಸ್ಸು ಮೊಳಕಾಲ್ಮೂರಿನ ಬಸ್ಸಿಗೆ ಹೊತ್ತಿತ್ತು. ಮಾವನವರನ್ನು ಗೇಟಿನ ಎದುರಿನ ಅಂಗಡಿಗೆ ಕರೆದುಕೊಂಡು ಹೋಗಿ ಎರಡು ಟೀ ಹೇಳಿದೆ. ಓಬಯ್ಯನವರ ಟೀ ಹುಚ್ಚು ಸುತ್ತಲ ಹಟ್ಟಿಗಳಿಗೆಲ್ಲ ಗೊತ್ತು. ಅಡವಿಯಲ್ಲಿ ದನ ಬಿಟ್ಟುಕೊಂಡೇ ಮೂರು ಕಲ್ಲು ಹೂಡಿ ಬೆಲ್ಲದ ಟೀ ಕಾಯಿಸುತ್ತಿದ್ದವರು, ಟೀಗೋಸ್ಕರ ಊಟ ಬಿಟ್ಟವರು ಎಂದು ಮಾರಕ್ಕನೇ ರೇಗಿಸುತ್ತಿದ್ದಳು.

“ನೀವು ಕುಡೀರಿ ಸಾಮಿ. ನಾನು ಬಿಟ್ಟೀನಿ.”

“ಯಾಕೆ, ಡಾಕ್ಟರು ಬೇಡ ಅಂದ್ರಾ?”

“ಇಲ್ಲ. ಫ್ಯಾನಿನ ದಿವ್ಸದಿಂದ ಬಿಟ್ಟೀನಿ.”

ನನಗೆ ಅರ್ಥವಾಗಲಿಲ್ಲ. “ಬೇಡ ಅಂದಿದ್ರೆ ದೇವ್ರೇ ಕರೆಂಟ್ ತೆಗೀತಿತ್ತು ಅಂತ ನೀವೇ ಹೇಳಿದ್ರಲ್ಲ?” ಎಂದೆ.

“ಹುಡುಗಿ ಕೈ ನಡುಗ್ತಿತ್ತಲ್ರೀ. ಅದಕ್ಕೆ ಅಂದೆ.” ಅವರು ಬಸ್ಸು ಬರುವ ದಾರಿ ನೋಡುತ್ತ ಕೂತರು. “ತಪ್ಪು ತಪ್ಪೇ. ದೇವ್ರಿಗೆ ತಪ್ಪುಕಾಣಿಕೆ ಕಟ್ಟಬೇಕು. ಅದು ಓದೋ ಮಗು, ಅದರ ಮ್ಯಾಲೆ ಯಾಕೆ? ನನ್ ತಾವ ಬಿಡಾಕೆ ಇನ್ನೇನಿತ್ತು, ಟೀ ಒಂದಿತ್ತು. ಅವಳಿಗೆ ಹೇಳ್ಬ್ಯಾಡ್ರಿ ಮತ್ತೆ. ಪೇಪರ್‌ನಾಗೂ ಹಾಕ್ಬ್ಯಾಡ್ರಿ.”

ಎರಡು ಲೋಟವೂ ನನ್ನ ಮುಂದೆಯೇ ಬಂದು ಕೂತವು. ಒಂದನ್ನೂ ಕುಡಿಯಲಾಗಲಿಲ್ಲ. ಇಷ್ಟು ವರ್ಷ ನಾನು ಹಂಚಿ ನಗಿಸಿದ ಮಾತಿಗೆ ಈ ಮನುಷ್ಯ ದಿನಾ ಬೆಲೆ ತೆರುತ್ತಿದ್ದರು.

ಅವರನ್ನು ಬಸ್ಸು ಹತ್ತಿಸಿ ಕಚೇರಿಗೆ ಬಂದು, ಮೊನ್ನೆಯೇ ಬರೆದಿಟ್ಟಿದ್ದ ವರದಿ ತೆರೆದೆ. ‘ಸ್ಥಳೀಯರ ಸಹಕಾರದಿಂದಾಗಿ ಯಾವುದೇ ಖರ್ಚಿಲ್ಲದೆ ಮಾದರಿಗಳು ದೊರೆತವು’ ಎಂಬ ಸಾಲೊಂದಿತ್ತು. ಅಳಿಸಿದೆ. ಆ ಸಾಲು ಎಲ್ಲಿ ಹೋಯಿತೆಂದು ನಿರ್ದೇಶಕರು ಕೇಳಿದರೆ ಏನು ಹೇಳುವುದೋ ಇನ್ನೂ ಯೋಚಿಸಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ, ನೀವು ಮಾರಕ್ಕನಿಗೆ ಹೇಳಬೇಡಿ. ಅವಳೂ ಟೀ ಇಲ್ಲದೆ ಕಣ್ಣು ಬಿಡುವವಳಲ್ಲ. ಗೊತ್ತಾದ ದಿನವೇ ಬಿಟ್ಟುಬಿಡುತ್ತಾಳೆ.