ಗಿಲ್ಬರ್ಟಣ್ಣ ನೋಡಿದ ಐರಿಷ್ ಕಾಗದ

ಗಿಲ್ಬರ್ಟಣ್ಣನ ಕೈಗೆ ಯಾವ ಕಾಗದ ಕೊಟ್ಟರೂ ಮೊದಲು ಓದುತ್ತಿರಲಿಲ್ಲ. ಬೆಳಕಿಗೆ ಹಿಡಿಯುತ್ತಿದ್ದರು, ಮಗುಚಿ ಬೆನ್ನು ಸವರುತ್ತಿದ್ದರು, ಮೂಸುತ್ತಿದ್ದರು ಕೂಡ! ಗಲ್ಫಿನ ವಾದಿ ಅದಾಯ್‌ನಲ್ಲಿದ್ದ ನಮ್ಮ ಗುತ್ತಿಗೆ ಕಂಪೆನಿಯ ಕಡತಗಳ ಕೋಣೆಗೆ ನಾನು ಕೆಲಸಕ್ಕೆ ಸೇರಿದಾಗ, ಈ ಮಂಗಳೂರಿನ ಮನುಷ್ಯನಿಗೆ ತಲೆ ಸರಿ ಉಂಟೋ ಇಲ್ಲವೋ ಎಂದು ಅನುಮಾನವೇ ಬಂದಿತ್ತು. "ಬರೆದದ್ದನ್ನು ಯಾರು ಬೇಕಾದ್ರೂ ಓದ್ತಾರೆ ಮಾರಾಯ್ತಿ. ಕಾಗದ ಹೇಗೆ ಹುಟ್ಟಿತು ಅಂತ ನೋಡ್ಬೇಕು" ಎನ್ನುತ್ತಿದ್ದರು. ಮೂವತ್ತು ವರ್ಷ ಅದೇ ಕುರ್ಚಿ, ಅದೇ ಫ್ಲಾಸ್ಕಿನ ಸುಲೈಮಾನಿ ಚಹಾ.

ಒಂದು ದಿನ ನಮ್ಮ ಐರಿಷ್ ಎಂಜಿನಿಯರ್ ಬ್ರೆಂಡನ್ ಊರಿಂದ ತಂದ ಹಳೆಯ ಕಾಗದವೊಂದನ್ನು ಹಿಡಿದು ಬಂದ. ಮೊದಲ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ಗಂಡಸರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಲು ಹೊರಟಾಗ ಊರಿಗೆ ಊರೇ ತಿರುಗಿಬಿದ್ದಿತ್ತಂತೆ. ಅದೇ ಹೊತ್ತಿಗೆ ಬ್ರೆಂಡನ್‌ನ ಮುತ್ತಜ್ಜನಿಗೆ ಸರ್ಕಾರದ ಈ ಕಾಗದ ಬಂದಿತ್ತು. ನಿಮ್ಮ ಪತ್ರ ತಲುಪಿದೆ, ಪರಿಶೀಲಿಸುತ್ತೇವೆ, ಇಷ್ಟೇ. ಊರ ಹುಡುಗರ ಹೆಸರು ಬರೆದುಕೊಟ್ಟವನು ಇವನೇ ಎಂದು ಜನ ಆಡಿಕೊಂಡರು. ನಾನು ಬರೆದದ್ದು ಸೇನೆ ಬೇಡವೆಂದೇ ಎಂದು ಆತ ಎಷ್ಟು ಹೇಳಿದರೂ ಹೆಂಡತಿ ಮಕ್ಕಳೂ ನಂಬಲಿಲ್ಲ. ಅವನ ಫೋಟೋ ಗೋಡೆಗೆ ಏರದೆ ಇವತ್ತಿಗೂ ಬ್ರೆಂಡನ್‌ನ ತಾಯಿಯ ಪೆಟ್ಟಿಗೆಯೊಳಗೇ ಇದೆಯಂತೆ. ತನ್ನ ಅಜ್ಜ ದ್ರೋಹಿ ಹೌದೋ ಅಲ್ಲವೋ, ಕಣ್ಣು ಮುಚ್ಚುವ ಮೊದಲು ಆಕೆಗೆ ತಿಳಿಯಬೇಕಿತ್ತು.

ನನಗೋ ಕುತೂಹಲ ತಡೆಯಲಾಗದೆ ಕುರ್ಚಿ ಎಳೆದುಕೊಂಡು ಕೂತೆ. ಗಿಲ್ಬರ್ಟಣ್ಣ ಕಾಗದದ ಬೆನ್ನು ಸವರಿ, ಭೂತಗನ್ನಡಿ ಹಿಡಿದು, ನನ್ನನ್ನು ಹತ್ತಿರ ಕರೆದರು. "ಇಲ್ಲಿ ನೋಡು. ಸಾಲೆಲ್ಲ ಅಚ್ಚು. ಹೆಸರು, ತಾರೀಕು ಮಾತ್ರ ಪೆನ್ನಲ್ಲಿ ತುಂಬಿಸಿದ್ದು. ಗುಟ್ಟು ಹೇಳಿದ ಒಬ್ಬನಿಗೋಸ್ಕರ ಯಾರಾದ್ರೂ ಫಾರಂ ಅಚ್ಚು ಹಾಕಿಸ್ತಾರಾ? ಸಾವಿರ ಜನ ಬೇಡ ಬೇಡ ಅಂತ ಬರೆದಾಗ ಹಾಕಿಸ್ತಾರೆ. ನಮ್ಮ ಕೆಲಸಗಾರರ ಕ್ಯಾಂಪಿನ ಶುಕ್ರವಾರದ ಬಸ್ ನಿಲ್ಲಿಸಿದಾಗ ಅರ್ಜಿ ರಾಶಿ ಬಿತ್ತಲ್ಲ, ಆಗ ನಾನೇ ಇಂಥದ್ದು ಕಳಿಸಿದ್ದು!"

ಬ್ರೆಂಡನ್‌ಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಇದು ಸಾಕ್ಷಿಯಲ್ಲ, ಗುಮಾಸ್ತನ ಅಂದಾಜು ಎಂದೂ ಸೇರಿಸಿದರು. ಅವನು ನಿಂತಲ್ಲೇ ತಾಯಿಗೆ ಫೋನ್ ಮಾಡಿದ. ಆಕೆ ಎಲ್ಲ ಕೇಳಿಸಿಕೊಂಡಳಂತೆ. ಆಮೇಲೆ, ಮನೆಯಲ್ಲಿ ಸುತ್ತಿಗೆ ಎಲ್ಲಿಟ್ಟಿದ್ದೀ ಎಂದು ಕೇಳಿದಳಂತೆ. ನನಗೆ ಕಣ್ಣು ತುಂಬಿ ಬಂತು. "ಭಲೇ ಗಿಲ್ಬರ್ಟಣ್ಣ!" ಅಂದೆ.

ಅವರು ನಗಲಿಲ್ಲ. "ನಿಮ್ಮ ಆಕ್ಷೇಪ ತಲುಪಿದೆ ಅಂತ ಬರೆದಿದ್ರೆ ಸಾಕಿತ್ತು. ಒಂದೇ ಶಬ್ದ. ಆ ಮನುಷ್ಯನ ಮರ್ಯಾದೆ ಉಳೀತಿತ್ತು" ಎಂದು ಕನ್ನಡಕ ಒರೆಸತೊಡಗಿದರು.

ಕಳೆದ ವರ್ಷ ನಿವೃತ್ತರಾಗಿ ಊರಿಗೆ ಹೊರಟರು. ಕೊನೆಯ ದಿನ ಎಲ್ಲರೂ ಸೇರಿ ಬಿರಿಯಾನಿ ತರಿಸಿದ್ದೆವು. ಕರೆಯಲು ಹೋದರೆ, ಆ ಬಸ್ಸಿನ ಅರ್ಜಿಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದಾರೆ!

"ಖಲಾಸ್, ಏಳಿ ಗಿಲ್ಬರ್ಟಣ್ಣ. ಊಟ ಆರ್ತದೆ" ಅಂದೆ.

ತಲೆ ಎತ್ತಲಿಲ್ಲ. "ನೀವೆಲ್ಲ ಮಾಡಿ. ಇವರಿಗೆಲ್ಲ ಉತ್ತರ ಕಳಿಸಿದ್ದು ನಾನು. ಎಂತ ಬರೆದಿದ್ರು ಅಂತ ಇವತ್ತೇ ಓದೋದು."