ಐವತ್ತೇಳನೇ ವಯಸ್ಸಿನಲ್ಲಿ ಅಲಿಫ್, ಬೇ

ನನಗೆ ಉರ್ದು ಓದಲು ಬರುತ್ತದೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಬೇಡ, ನಂಬುವುದು ಬೇಡ. ಎಸೆಸೆಲ್ಸಿಯಲ್ಲಿ ಹಿಂದಿಗೆ ಮೂವತ್ತೈದೇ ಅಂಕ ತೆಗೆದವಳು ಐವತ್ತೇಳನೇ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಬಲದಿಂದ ಎಡಕ್ಕೆ ಬೆರಳು ಓಡಿಸುತ್ತಾಳೆ ಅಂದರೆ ನಾನಾದರೂ ನಂಬುತ್ತಿರಲಿಲ್ಲ. ಈ ಪ್ರಾಯದಲ್ಲಿ ಉಳಿದ ಹೆಂಗಸರು ಭಜನೆ ಕಲಿಯುತ್ತಾರೆ, ಯೋಗ ಕಲಿಯುತ್ತಾರೆ. ನಾನು ಉರ್ದು ಕಲಿಯಬೇಕಾಗಿ ಬಂದದ್ದು ನನ್ನ ಹಾಳು ಬಾಯಿಂದ.

ನಮ್ಮ ಮನೆ ಕುಂದಾಪುರದಲ್ಲಿ. ಎದುರು ಮನೆ ನನ್ನ ಗೆಳತಿಯದು. ಅವಳೂ ನಾನೂ ತ್ರಾಸಿಯಲ್ಲಿ ಒಂದೇ ಬೇಲಿಯ ಆಚೆ ಈಚೆ ಬೆಳೆದವರು. ನಾನು ಮದುವೆಯಾಗಿ ಇಲ್ಲಿಗೆ ಬಂದೆ. ಅವಳ ಗಂಡ ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ, ವರ್ಷಕ್ಕೊಮ್ಮೆ ಊರಿಗೆ ಬಂದು ಮುಖ ತೋರಿಸಿ, ಕೊನೆಗೆ ಅದೂ ಸಾಕಾಗಿ ನಮ್ಮ ಓಣಿಯಲ್ಲೇ ಮನೆ ಕಟ್ಟಿಸಿದ. ಮನುಷ್ಯ ಕೆಟ್ಟವನಲ್ಲ, ಅವನ ಟೀವಿಯ ಸೌಂಡು ಕೆಟ್ಟದ್ದು. ಅದರಿಂದ ತಪ್ಪಿಸಿಕೊಳ್ಳಲೆಂದೇ ಗೆಳತಿ ದಿನಾ ಮಧ್ಯಾಹ್ನ ಮೂರಕ್ಕೆ ಅಬ್ಬಲಿಗೆ ಹೂವಿನ ಬುಟ್ಟಿ ಹಿಡಿದುಕೊಂಡು ಓಣಿಯ ಕೊನೆಯ ಮನೆಗೆ ಹೊರಡುತ್ತಿದ್ದಳು. ಅವಳ ಹಿಂದೆ ನಾನು.

ಕೊನೆಯ ಮನೆ ಟೀಚರದು. ಬೈಂದೂರು ಕಡೆಯ ಶಿರೂರಿನವರು, ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾವು ಹೂ ಕಟ್ಟುತ್ತಿದ್ದರೆ ಅವರು ಉರ್ದು ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದರು. ಮೊದಲು ಒಂದು ವಾಕ್ಯ ಉರ್ದುವಿನಲ್ಲಿ, ಕಣ್ಣು ಮುಚ್ಚಿ, ಹಲ್ವ ತಿಂದ ಹಾಗೆ. ಆಮೇಲೆ ಅದೇ ವಾಕ್ಯ ಅಪ್ಪಟ ಕುಂದಾಪ್ರ ಕನ್ನಡದಲ್ಲಿ. ಹಾಗಾಗಿ ಉತ್ತರ ದೇಶದ ಯಾವುದೋ ದೊಡ್ಡ ಹವೇಲಿಯಲ್ಲಿ ರೇಷ್ಮೆ ಉಟ್ಟು ಕುಳಿತ ಬೇಗಂ ಸಾಹೇಬರು ತಮ್ಮ ಯಜಮಾನರಿಗೆ, "ಹ್ವಾಯ್, ಎಂತಕೆ ಮಕ ಊದ್ಸ್ಕಂಡ್ ಕೂಕಂಡದ್? ಚಾ ತಣಿತ್ತ್, ಕುಡಿನಿ" ಎನ್ನುತ್ತಿದ್ದರು. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಹವೇಲಿ ಇದ್ದರೂ ಮುಖ ಊದಿಸಿಕೊಂಡ ಗಂಡಸರು ಗಂಡಸರೇ ತಾನೇ.

ಕತೆ ಒಬ್ಬ ಹೆಂಗಸಿನದು. ಪ್ರಾಯದಲ್ಲಿ ಹೊಟ್ಟೆಕಿಚ್ಚಿನಿಂದ ತನ್ನ ಚಿಕ್ಕಪ್ಪನ ಮಗಳಿಗೆ ಬಂದ ಒಂದು ಪತ್ರವನ್ನು ಅಡಗಿಸಿಡುತ್ತಾಳೆ. ಆ ಪತ್ರ ಮದುವೆಯ ಮಾತಿನದು. ಉತ್ತರ ಬರಲಿಲ್ಲವೆಂದು ಹುಡುಗ ಬೇರೆ ಕಡೆ ಮದುವೆಯಾಗುತ್ತಾನೆ, ಆ ತಂಗಿಯ ಬಾಳು ಎಲ್ಲೆಲ್ಲೋ ಹೋಗುತ್ತದೆ. ಇವಳು ಮುಂದೆಯೂ ತಪ್ಪಿನ ಮೇಲೆ ತಪ್ಪು ಮಾಡಿ, ಗಂಡ ತೀರಿಕೊಂಡ ಮೇಲೆ ಬುದ್ಧಿ ಬಂದು, ಯಾರ್‍ಯಾರಿಗೆ ಕೇಡು ಮಾಡಿದ್ದಳೋ ಅವರೆಲ್ಲರ ಮನೆಗೆ ಒಂದೊಂದಾಗಿ ಹೋಗಿ ಒಪ್ಪಿಕೊಳ್ಳುತ್ತಾಳೆ. ತಂಗಿಯ ಮನೆಯನ್ನು ಮಾತ್ರ ಕೊನೆಗೆ ಇಟ್ಟುಕೊಂಡಿರುತ್ತಾಳೆ.

ಪತ್ರ ಅಡಗಿಸಿದ ಅಧ್ಯಾಯ ಬಂದ ದಿನ ಗೆಳತಿ ಹೂವಿನ ದಾರವನ್ನೇ ಕಡಿದು ಹಾಕಿದಳು. "ಈ ಹೆಂಗ್ಸಿಗೆ ಹಿಡಿಸೂಡಿ ತಕಂಡ್ ಹೊಡೀಕ್!"

"ಸಣ್ಣ ಪ್ರಾಯ ಅಲ್ದಾ ಮಾರಾಯ್ತಿ, ಗೊತ್ತಾಯ್ಲಿಲ್ಲ ಆಯ್ಕ್" ಎಂದೆ ನಾನು.

ಟೀಚರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನಿಮ್ಗೆಂತ, ಅವ್ಳ್ ಸಂಬಂಧವಾ?"

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಆ ಹೆಂಗಸು ನನಗೆ ಸಂಬಂಧಿಗಿಂತ ಹತ್ತಿರದವಳು.

ನಮ್ಮ ಕಡೆ ಹುಡುಗಿ ನೋಡುವ ಶಾಸ್ತ್ರ ಮುಗಿದರೆ ಕೆಲಸ ಮುಗಿಯಿತೆಂದಲ್ಲ. ಗಂಡಿನ ಕಡೆಯ ಹಿರಿಯರು ಒಂದೆರಡು ದಿನ ಬಿಟ್ಟು, ಯಾರಿಗೂ ಹೇಳದೆ, ಹುಡುಗಿಯ ಊರಿನ ಬಸ್ ಸ್ಟಾಪಿನಲ್ಲೋ ಗೂಡಂಗಡಿಯಲ್ಲೋ ನಿಂತು, "ಆ ಮನೆಯ ಹೆಣ್ಣು ಹೇಗೆ?" ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಮನೆಯವರು ಹೇಳುವುದು ಅವರಿಗೆ ಲೆಕ್ಕವಿಲ್ಲ, ಅಂಗಡಿಯವನು ಹೇಳಿದ್ದೇ ಖಾತ್ರಿ. ಗೆಳತಿಯನ್ನು ನೋಡಲು ಬ್ರಹ್ಮಾವರದಿಂದ ಒಬ್ಬ ಶಾಲಾ ಮಾಷ್ಟ್ರು ಬಂದು ಹೋಗಿದ್ದರು. ಎರಡು ದಿನ ಕಳೆದು ಬಿಳಿ ಪಂಚೆಯ ಇಬ್ಬರು ಹಿರಿಯರು ತ್ರಾಸಿಯಲ್ಲಿ ಬಸ್ಸಿಳಿದರು. ಬಸ್ ಸ್ಟಾಪಿನಲ್ಲಿ ಇದ್ದದ್ದು, ನನ್ನ ಗ್ರಹಚಾರ, ಇಪ್ಪತ್ತು ವರ್ಷದ ನಾನು ಒಬ್ಬಳೇ.

"ಹೆಣ್ ಬಂಗಾರ," ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಬಾಯಿ ನಿಲ್ಲುವ ಬಾಯಿಯೇ? "ಆದ್ರೆ ಪುಸ್ತಕ ಹಿಡ್ಕಂಡ್ ಕೂಕಂಡ್ರೆ ಮುಗೀತ್. ಅನ್ನ ಕರ್ಕಲಾಯಿ ಹೊಗೆ ಎದ್ರೂ ಏಳುದಿಲ್ಲ. ಒಂದ್ ವಾರದಗೆ ಮೂರ್ ಪಾತ್ರೆ ಹಾಳ್ ಮಾಡಿತ್ತ್!"

ಅನ್ನ ಸೀದದ್ದು ಒಂದೇ ಸಲ. ಅದೂ ನಾನೇ ಅವಳನ್ನು ಬೇಲಿಯ ಹತ್ತಿರ ಕರೆದು ಮಾತಾಡಿಸುತ್ತಾ ನಿಲ್ಲಿಸಿಕೊಂಡಿದ್ದಾಗ. ಹಿರಿಯರಿಬ್ಬರೂ ನಗಲಿಲ್ಲ. ಮುಖ ಮುಖ ನೋಡಿಕೊಂಡು ತೆಂಕು ಕಡೆಗೆ ಹೋಗುವ ಬಸ್ಸು ಹತ್ತಿದರು. ಜಾತಕ ಕೂಡಲಿಲ್ಲವೆಂದು ಗೆಳತಿಯ ಮನೆಗೆ ಹೇಳಿ ಕಳುಹಿಸಿದರು. ಸಂಬಂಧ ತಂದಿದ್ದ ದಲ್ಲಾಳಿ ನಮ್ಮ ಜಗಲಿಯಲ್ಲಿ ಕುಳಿತು ನನ್ನ ಅಮ್ಮನಿಗೆ ನಿಜ ಹೇಳಿದ: ಬಸ್ ಸ್ಟಾಪಿನಲ್ಲಿ ಯಾವುದೋ ಹುಡುಗಿ ಏನೋ ಹೇಳಿತಂತೆ. ಅಮ್ಮ ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ.

ತಮಾಷೆಗೆ ಹೇಳಿದ್ದು ಎಂದು ಮೂವತ್ತೇಳು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ನನ್ನನ್ನು ನೋಡಲು ಆವರೆಗೆ ಒಬ್ಬನೂ ಬಂದಿರಲಿಲ್ಲ. ಹೊಟ್ಟೆಕಿಚ್ಚು ಇತ್ತು, ಅಷ್ಟೇ.

ಕಾದಂಬರಿ ಅರ್ಧಕ್ಕೆ ಬಂದಾಗ ಟೀಚರ್ ಮಗಳ ಬಾಣಂತನಕ್ಕೆಂದು ಶಾರ್ಜಾಕ್ಕೆ ಹೊರಟರು. ಬರುವುದು ಒಂದು ವರ್ಷ ಕಳೆದು. ಪುಸ್ತಕವನ್ನೂ ಮನೆಯ ಬೀಗದ ಕೈಯನ್ನೂ ಗೆಳತಿಯ ಕೈಯಲ್ಲಿಟ್ಟು, "ಜೋಪಾನ" ಎಂದು ಹೇಳಿ ಹೋದರು. ನನಗೆ ಎಷ್ಟು ಹಾಯೆನಿಸಿತೆಂದರೆ ಅವತ್ತು ಎರಡು ತುತ್ತು ಹೆಚ್ಚು ಉಂಡೆ.

ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಅದೇ ತಿಂಗಳು ಬ್ರಹ್ಮಾವರದಲ್ಲಿ ಒಂದು ಮದುವೆ ಊಟ ಮುಗಿಸಿ ನಾವಿಬ್ಬರೂ ಬಸ್ಸಿನಲ್ಲಿ ಕುಂದಾಪುರಕ್ಕೆ ಬರುತ್ತಿದ್ದೆವು. ಗೆಳತಿ ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು, "ಆ ಹೆಂಗ್ಸ್ ಕಡಿಗೆ ತಂಗಿಯತ್ರ ಹೋಯಿ ಹೇಳ್ತ್ಳಾ ಇಲ್ಯಾ, ನಂಗೆ ಅದೊಂದ್ ಗೊತ್ತಾಯ್ಕ್. ಹೇಳ್ದಿರೆ ಅವ್ಳ್ ಮನ್ಷಳೇ ಅಲ್ಲ."

ನನಗೇನಾಯಿತೋ, "ನಾನೂ ಹೇಳ್ಕ್ ಮಾರಾಯ್ತಿ" ಎಂದುಬಿಟ್ಟೆ.

ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇಂಥ ಮಾತು ಹೇಳಲು ಹೋಗಬೇಡಿ. ಹಾರ್ನು, ಹಾಡು, ಗಾಳಿ. ಮೆಲ್ಲಗೆ ಹೇಳಿದರೆ, "ಎಂತ? ಎಂತ?" ಎನ್ನುತ್ತಾಳೆ. ಕೊನೆಗೆ ನನ್ನ ಜನ್ಮದ ಪಾಪವನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿಯೇ ಹೇಳಬೇಕಾಯಿತು. ಮುಂದಿನ ಸೀಟಿನ ಹೆಂಗಸು ಪೂರ್ತಿ ಹಿಂದಕ್ಕೆ ತಿರುಗಿ ಕುಳಿತು, "ಮತ್ತೆ ಎಂತ ಆಯ್ತ್?" ಎಂದು ಕೇಳಿದಳು. ಕಂಡಕ್ಟರ್ ಕೂಡ ಟಿಕೇಟು ಹರಿಯುವುದನ್ನು ಬಿಟ್ಟು ನಿಂತಿದ್ದ.

ಗೆಳತಿ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ.

"ಆ ಮಾಷ್ಟ್ರನ್ನ್ ಕಂಡ್ ನಂಗೆ ಇಷ್ಟ ಆಯ್ತ್," ಎಂದಳು. "ನೀವ್ ಎಂತೆಲ್ಲ ಓದ್ತ್ರಿ ಅಂದೇಳಿ ಕೇಂಡಿದ್ರ್. ನನ್ನತ್ರ ಅದನ್ನ್ ಕೇಂಡವ್ರ್ ಅವ್ರೊಬ್ರೇ. ಮತ್ತೆ ಇವತ್ತಿನ್ ವರೆಗೆ ಯಾರೂ ಕೇಣ್ಲಿಲ್ಲ."

ಬಸ್ಸು ಸಾಲಿಗ್ರಾಮದಲ್ಲಿ ನಿಂತಿತು. ಅವಳು ಎದ್ದು ಇಳಿದುಬಿಟ್ಟಳು. ಇನ್ನೊಂದು ಬಸ್ಸಿಗೆ ಬರುತ್ತೇನೆ ಎಂದೂ ಹೇಳಲಿಲ್ಲ. ಮುಂದಿನ ಸೀಟಿನವಳು ನನ್ನನ್ನು ಕುಂದಾಪುರದ ತನಕ ನೋಡುತ್ತಲೇ ಇದ್ದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಾಚಿಕೆಗೆ ಅಳು ಬಂತೋ ಅವಳನ್ನು ಕಳೆದುಕೊಂಡೆನೆಂಬ ಭಯಕ್ಕೆ ಬಂತೋ, ಎರಡೂ ಇತ್ತು.

ಒಂದು ತಿಂಗಳು ಮಾತಿಲ್ಲ. ಎದುರು ಮನೆ ನೋಡಿ, ದಿನಾ ಮುಖ ಕಾಣಲೇಬೇಕು. ನಾನು ಅಂಗಳ ಗುಡಿಸಲು ಬಂದರೆ ಅವಳು ಒಳಗೆ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿ ಕಳುಹಿಸಿದೆ, ಪಾತ್ರೆ ಹಾಗೇ ವಾಪಸು ಬಂತು. ಬಂಗುಡೆಯನ್ನು ವಾಪಸು ಕಳುಹಿಸಿದಳೆಂದರೆ ಸಿಟ್ಟು ಎಷ್ಟಿತ್ತೆಂದು ನೀವೇ ತಿಳಿದುಕೊಳ್ಳಿ.

ತಿಂಗಳು ಕಳೆದ ಒಂದು ಮಧ್ಯಾಹ್ನ ಮೂರು ಗಂಟೆಗೆ ಅವಳೇ ಬಂದಳು. ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು.

"ಇದನ್ನ್ ನೀ ಓದಿ ಹೇಳ್ಕ್."

"ನಂಗೆ ಉರ್ದು ಬತ್ತಿಲ್ಯೇ!"

"ಕಲಿ." ಅಷ್ಟೇ ಹೇಳಿ ಹೋದಳು.

ಕಲಿತೆ. ಉರ್ದು ಶಾಲೆಯ ಒಂದನೇ ಕ್ಲಾಸಿನ ಪುಸ್ತಕ ತರಿಸಿಕೊಂಡೆ. ಟೀಚರ್ ಶಾರ್ಜಾದಿಂದ ವೀಡಿಯೋ ಕಾಲಿನಲ್ಲಿ, ಒಂದು ತೊಡೆಯಲ್ಲಿ ಮೊಮ್ಮಗುವನ್ನು ಹಾಕಿಕೊಂಡು, ನಮ್ಮಿಬ್ಬರನ್ನೂ ಒಟ್ಟಿಗೇ ಸುಧಾರಿಸುತ್ತಿದ್ದರು. ಮಗು ಅತ್ತರೆ ನನಗೆ ಬೈಗುಳ, ನಾನು ತಪ್ಪಿದರೆ ಮಗುವಿಗೆ ಲಾಲಿ. ಚುಕ್ಕಿ ಮೇಲೆ ಇದ್ದರೆ ಒಂದು ಅಕ್ಷರ, ಕೆಳಗೆ ಇದ್ದರೆ ಇನ್ನೊಂದು. ನೊಣ ಕುಳಿತರೂ ನನಗೆ ಹೊಸ ಅಕ್ಷರವೇ. "ಟೀಚರ್ರೇ, ಈ ಭಾಷೆ ಮಾಡ್ದವ್ರಿಗೆ ನನ್ ಮೇಲೆ ಎಂತ ಸಿಟ್ಟಿತ್ತ್?" ಎಂದು ಕೇಳಿದ್ದೂ ಇದೆ. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಮೂವತ್ತೈದು ವರ್ಷ ನನ್ನ ಜತೆ ಬಾಳಿದವರಿಗೆ ಯಾವುದನ್ನು ಕೇಳಬಾರದೆಂದು ಗೊತ್ತು.

ಮೊದಲ ಪುಟಕ್ಕೆ ಹನ್ನೊಂದು ದಿನ ಹಿಡಿಯಿತು. ಆಮೇಲೆ ದಿನಕ್ಕೆ ಅರ್ಧ ಪುಟ, ಒಂದು ಪುಟ. ಗೊತ್ತಾಗದ ಪದದ ಫೋಟೋ ತೆಗೆದು ಶಾರ್ಜಾಕ್ಕೆ ಕಳುಹಿಸುವುದು, ಉತ್ತರ ಬಂದ ಮೇಲೆ ಮೂರು ಗಂಟೆಗೆ ಗೆಳತಿಯ ಜಗಲಿಗೆ ಹೋಗಿ ಓದುವುದು. ಅವಳು ಹೂ ಕಟ್ಟುತ್ತಾ ಕೇಳುತ್ತಿದ್ದಳು. ಓದು ಮುಗಿದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಬೇರೆ ಮಾತಿಲ್ಲ. ನಾನೊಂದು ರೇಡಿಯೋ, ಅಷ್ಟೇ.

ಹೀಗೆ ಏಳು ತಿಂಗಳು. ಕೊನೆಯ ಅಧ್ಯಾಯವನ್ನು ನಾನು ಟೀಚರಿಗೆ ಫೋಟೋ ಕಳುಹಿಸದೆ ಒಬ್ಬಳೇ ಕುಳಿತು ಬಿಡಿಸಿದೆ. ಎರಡು ಸಲ ಓದಿದೆ, ಮೂರನೇ ಸಲವೂ ಓದಿದೆ. ತಪ್ಪು ಓದಿದ್ದೇನೆಂದು ಆಸೆಯಿತ್ತು. ತಪ್ಪಿರಲಿಲ್ಲ. ಹೆಂಗಸು ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳುತ್ತಾಳೆ. ತಂಗಿ ಅಕ್ಕಿ ಆರಿಸುತ್ತಾ ಪೂರ್ತಿ ಕೇಳುತ್ತಾಳೆ. ಒಂದು ಮಾತು ಆಡುವುದಿಲ್ಲ, ತಲೆ ಎತ್ತಿ ನೋಡುವುದೂ ಇಲ್ಲ. ಕತ್ತಲಾಗುವುದರೊಳಗೆ ಇವಳು ಎದ್ದು ರೈಲು ನಿಲ್ದಾಣದ ದಾರಿ ಹಿಡಿಯುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ. ಇಷ್ಟು ಕಷ್ಟಪಟ್ಟವಳಿಗೆ ಒಂದು ಲೋಟ ನೀರಾದರೂ ಕೊಡಿಸಬಾರದಿತ್ತೇ, ಬರೆದವರಿಗೆ ಏನು ಗಂಟು ಹೋಗುತ್ತಿತ್ತು!

ಆ ಮಧ್ಯಾಹ್ನ ಗೆಳತಿಯ ಜಗಲಿಯಲ್ಲಿ ಪುಸ್ತಕ ಬಿಚ್ಚಿದಾಗ ನನ್ನ ಹಾಳು ಬಾಯಿ ತುರಿಸತೊಡಗಿತು. ಆ ಜಗಲಿಯಲ್ಲಿ ಉರ್ದು ಬರುವವಳು ನಾನೊಬ್ಬಳೇ. ತಂಗಿ ಎದ್ದು ಬಂದು ಅಪ್ಪಿಕೊಂಡಳು, ಇಬ್ಬರೂ ಕೂಡಿ ಅತ್ತರು, ಶಾವಿಗೆ ಪಾಯಸ ಮಾಡಿ ಉಂಡರು ಎಂದು ಹೇಳಿದರೆ ಯಾರು ಕೇಳುತ್ತಾರೆ? ಹೇಳಿದರೆ ಗೆಳತಿಯ ಮನಸ್ಸೂ ಕರಗಬಹುದು. ಪಾಯಸದ ತನಕ ಎಲ್ಲ ತಯಾರು ಮಾಡಿಕೊಂಡೇ ಬಂದಿದ್ದೆ.

ಬೆರಳು ಇಟ್ಟೆ. ಬಾಯಿ ತೆರೆದೆ. ಪುಸ್ತಕದಲ್ಲಿ ಇದ್ದದ್ದನ್ನೇ ಓದಿದೆ. ಅಕ್ಕಿ ಆರಿಸಿದ್ದು, ಮಾತಾಡದ್ದು, ತಲೆ ಎತ್ತದ್ದು, ಎಲ್ಲ.

ಗೆಳತಿ ಹೂವಿನ ದಾರಕ್ಕೆ ಗಂಟು ಹಾಕಿ ಕಡಿದಳು. "ಗೊತ್ತಿದ್ದಿತ್ತ್," ಎಂದಳು.

"ಎಂತ?"

"ಕಡಿಗೆ ಹೀಂಗಾತ್ತ್ ಅಂದೇಳಿ. ನೀ ಅಲಿಫ್ ಬೇ ಕಲೀತಿಪ್ಪತಿಗೇ ಟೀಚರ್ ಫೋನಲ್ ಹೇಳಿದ್ರ್."

"ಹಂಗಾರೆ ಏಳ್ ತಿಂಗ್ಳ್ ನನ್ ಜೀವ ಎಂತಕೆ ತೆಗ್ದೆ ಮಾರಾಯ್ತಿ?"

"ಕಡಿಗೆ ಬಪ್ಪತಿಗೆ ನೀ ಎಂತ ಓದ್ತೆ ಅಂದೇಳಿ ಕಾಣ್ಕಿದ್ದಿತ್ತ್."

ನನಗೆ ಮಾತು ಹೊರಡಲಿಲ್ಲ. ನನ್ನನ್ನು ಬಲ್ಲವರಿಗೆ ಇದು ಎಂಥ ಘಟನೆಯೆಂದು ಗೊತ್ತು.

"ಮಾಫಿ ಮಾಡ್ದೆ ಅಂದೇಳಿ ನಾ ಹೇಳುದಿಲ್ಲ," ಎಂದಳು ಅವಳು. ನಾನು ತಲೆಯಾಡಿಸಿದೆ. ಅವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದು, ಮುಚ್ಚಿ, ಎಷ್ಟು ದಪ್ಪವಿದೆಯೆಂದು ಬೆರಳಲ್ಲಿ ಅಳೆದು ನೋಡಿದಳು.

"ಟೀಚರ್ ಕಪಾಟದಗೆ ಇನ್ನೂ ಸುಮಾರ್ ಇತ್ತಂಬ್ರ್. ನಾಳೆ ಹೋಯಿ ಕಾಣ್. ಇದ್ರಕಿಂತ ದಪ್ಪದ್ದ್ ತಕಂಡ್ ಬಾ."