ಗಾಡಿ ಜಾಡಿನ ಅಗಲ

ಮಾವನ ಎಡ ಭುಜ ಬಲಕ್ಕಿಂತ ತುಸು ತಗ್ಗಾಗಿತ್ತು. ಬಲ ಭುಜವೇ ತಗ್ಗಾಗಿದ್ದಿರಲೂಬಹುದು. ನೆನಪಿನಲ್ಲಿ ಅವನು ಯಾವಾಗಲೂ ನನ್ನ ಎದುರಿನಿಂದ ನಡೆದು ಬರುತ್ತಾನೆ, ಹಾಗಾಗಿ ಎಡಬಲ ಗೊಂದಲವಾಗುತ್ತದೆ. ಇಂಥ ತಪ್ಪುಗಳು ಮುಂದೆಯೂ ನುಸುಳಬಹುದು. ಅವನು ವಾಲಿಕೊಂಡು ನಡೆಯುತ್ತಿದ್ದುದು ಮಾತ್ರ ನಿಜ. ಜೀಪೇ ಅವನನ್ನು ಹಾಗೆ ಬಗ್ಗಿಸಿತು ಎಂದು ಊರಿನವರು ನಗುತ್ತಿದ್ದರು.

ಅವನು ನನ್ನ ಅವ್ವನ ತಮ್ಮ. ಬಿ.ಜಿ. ಕೆರೆಯ ಹತ್ತಿರ ಮನೆ. ಹಳೆಯ ಜೀಪೊಂದರ ಹಿಂದೆ ತಗಡಿನ ತೊಟ್ಟಿ ಕಟ್ಟಿಸಿ ಸಣ್ಣ ಲಾರಿಯಂತೆ ಮಾಡಿಕೊಂಡಿದ್ದ. ರಸ್ತೆಯಿಲ್ಲದ ಹಟ್ಟಿಗಳಿಂದ ಕುರಿ, ಉಣ್ಣೆ, ಶೇಂಗಾ ಮೂಟೆ ಹೇರಿಕೊಂಡು ಚಳ್ಳಕೆರೆ ಪೇಟೆಗೆ ಮುಟ್ಟಿಸುವುದು ಅವನ ಕೆಲಸ. ತೊಂಬತ್ತರ ದಶಕದಲ್ಲಿ ಕಾಲೇಜಿನ ರಜೆಗೆ ನಾನು ಅಲ್ಲಿಗೆ ಹೋದರೆ ಮನೆಯಲ್ಲಿರುವುದಕ್ಕಿಂತ ಆ ಜೀಪಿನಲ್ಲಿರುವುದೇ ಹೆಚ್ಚು. ಇಳಿಜಾರು ಬಂತೆಂದರೆ ನನ್ನ ಬಾಯಿ ಮುಚ್ಚಿಸುತ್ತಿದ್ದ. “ಸುಮ್ಕಿರವ್ವ, ಇಳಿಜಾರ್ನಾಗೆ ಮಾತಾಡಿದ್ರೆ ಬ್ರೇಕು ಮುನಿಸ್ಕೊಂತೈತೆ.” ಏರಿನಲ್ಲಿ ಎಷ್ಟು ಬೇಕಾದರೂ ಮಾತಾಡಬಹುದಿತ್ತು, ಇಂಜಿನ್ನಿನ ಗದ್ದಲಕ್ಕೆ ಅವನಿಗೆ ಏನೂ ಕೇಳುತ್ತಿರಲಿಲ್ಲ.

ಅತ್ತೆಯ ತವರು ಸಿದ್ದಾಪುರದಾಚೆಯ ಗುಡ್ಡದ ಹಿಂದಿನ ಹಟ್ಟಿ. ನಡುವೆ ಬರೀ ಬಂಡೆ. ತಲೆತಲಾಂತರದಿಂದ ಎತ್ತಿನಗಾಡಿಗಳು ಓಡಾಡಿ ಆ ಬಂಡೆಯೇ ಸವೆದು, ಚಕ್ರದ ಜಾಡು ಎರಡು ಸಣ್ಣ ಕಾಲುವೆಗಳಂತೆ ಇಳಿದಿತ್ತು. ಜೀಪಿನ ಅಗಲ ಗಾಡಿಗಿಂತ ಕಡಿಮೆ. ಒಂದು ಬದಿಯ ಚಕ್ರ ಜಾಡಿಗಿಳಿದರೆ ಇನ್ನೊಂದು ಬದಿಯದು ನಡುವಿನ ದಿಣ್ಣೆಯ ಮೇಲೆ ಉಳಿಯುತ್ತಿತ್ತು. ದಾರಿಯುದ್ದಕ್ಕೂ ವಾಲಿಕೊಂಡೇ ಸಾಗಬೇಕು. ಒಂದು ಸಲ ತವರಿನಿಂದ ಅತ್ತೆಯನ್ನು ಕರೆತರುವಾಗ ಜೀಪು, ಎಮ್ಮೆ ಮಲಗಿದಷ್ಟೇ ನಿಧಾನವಾಗಿ, ಪಕ್ಕಕ್ಕೆ ಮಲಗಿಬಿಟ್ಟಿತು. ಅತ್ತೆಯ ಮಣಿಕಟ್ಟು ಮುರಿಯಿತು. ನಾನು ಅಲ್ಲಿರಲಿಲ್ಲ. ಆದರೆ ಆ ಕಥೆ ಎಷ್ಟು ಸಲ ಕೇಳಿದ್ದೇನೆಂದರೆ, ಇದ್ದೆನೇನೋ ಎಂದೇ ಅನಿಸುತ್ತದೆ.

“ಇನ್ ಮ್ಯಾಲೆ ನಾ ಇದ್ರಾಗೆ ಕುಂದ್ರಲ್ಲ,” ಅಂದಳು ಅತ್ತೆ. ಕೂರಲೂ ಇಲ್ಲ. ತವರಿಗೆ ಹೋಗಬೇಕಾದರೆ ಸಿದ್ದಾಪುರದವರೆಗೆ ಬಸ್ಸು, ಆಮೇಲೆ ನಡಿಗೆ. ಮಾವ ಜೀಪು ತಂದು ಅವಳ ಹಿಂದೆಯೇ, ಅವಳ ನಡಿಗೆಯ ವೇಗದಲ್ಲಿ, ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ಅವಳ ಬಟ್ಟೆಗಂಟು.

“ಗಂಟಿಗಿರೋ ಧೈರ್ಯ ನಿನಗಿಲ್ವಲ್ಲೇ!” ಎಂದು ಕೂಗುತ್ತಿದ್ದ.

“ಗಂಟಿಗೆ ಮೂಳೆ ಇಲ್ಲ ಬಿಡ್ರಿ,” ಎನ್ನುತ್ತಿದ್ದಳು ಅವಳು, ತಿರುಗಿಯೂ ನೋಡದೆ.

ನಗುತ್ತಿದ್ದನಾದರೂ ಅವನಿಗೆ ಅದು ಒಳಗೇ ಕೊರೆಯುತ್ತಿತ್ತು. ಸಂಜೆ ಜೀಪು ತೊಳೆಯುವಾಗ ಆ ಖಾಲಿ ಸೀಟನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಿದ್ದ. ಅವಳು ಮತ್ತೆ ಅಲ್ಲಿ ಕೂರಬೇಕು, ಅವನಿಗೆ ಬೇಕಿದ್ದುದು ಇಷ್ಟೇ.

ಒಂದು ಬೇಸಿಗೆಯಲ್ಲಿ ಜೀಪನ್ನು ಚಳ್ಳಕೆರೆಯ ಮೇಸ್ತ್ರಿಯ ಶೆಡ್ಡಿಗೆ ಒಯ್ದ. ನಾನೂ ಜೊತೆಗಿದ್ದೆ. ಹಿಂದಿನ ಎರಡು ಚಕ್ರಗಳನ್ನು ತುದಿಗಳಲ್ಲಿ ಹಿಡಿದುಕೊಂಡಿರುವ ಆಕ್ಸಲ್ಲನ್ನೇ ತೆಗೆಸಿ, ಅದಕ್ಕಿಂತ ಅಗಲವಾದದ್ದು ಹಾಕಿಸುವುದು ಅವನ ಯೋಚನೆ. ಗುಜರಿಯಿಂದ ತಂದ ಎರಡು ಆಕ್ಸಲ್ಲುಗಳು ನೆಲದ ಮೇಲಿದ್ದವು, ಒಂದು ದೊಡ್ಡ ಜೀಪಿನದು, ಇನ್ನೊಂದು ಮಿನಿ ಲಾರಿಯದು. ಮೇಸ್ತ್ರಿ ಲಾರಿಯದನ್ನು ಕಾಲಿನಿಂದ ತಟ್ಟಿದ.

“ಇದ್ನೇ ಹಾಕ್ಸಿ ಭಾಯ್. ಅಗಲ ಆದಷ್ಟೂ ಗಟ್ಟಿ. ಆನೆ ನಿಂತಂಗೆ ನಿಲ್ತದೆ.”

ಮಾವ ಚೀಲದಿಂದ ಎತ್ತು ಕಟ್ಟುವ ಹಗ್ಗವೊಂದನ್ನು ತೆಗೆದ. ಬಂಡೆಯ ಮೇಲಿನ ಎರಡು ಜಾಡುಗಳ ನಡುವಿನ ಅಂತರ ಅಳೆದು, ಹಗ್ಗಕ್ಕೆ ಎರಡು ಕಡೆ ಕೆಂಪು ದಾರ ಕಟ್ಟಿಕೊಂಡು ಬಂದಿದ್ದ.

“ಇದೇನ್ ಭಾಯ್, ಜೀಪಿಗೆ ಎತ್ತು ಕಟ್ತೀರಾ?”

ಮಾವ ಹಗ್ಗವನ್ನು ಒಂದೊಂದರ ಮೇಲೂ ಹಾಸಿ ನೋಡಿದ. ಲಾರಿಯದು ದಾರವನ್ನೂ ಮೀರಿ ಆಚೆ ಹೋಗುತ್ತಿತ್ತು. ದೊಡ್ಡ ಜೀಪಿನದು ಸರಿಯಾಗಿ ಕೂತಿತು. “ಆನೆ ಬ್ಯಾಡ ಸಾಬ್ರೆ. ನಮ್ಮಜ್ಜನ ಗಾಡಿ ಎಲ್ಲಿ ಇಳಿದೈತೋ ಅಲ್ಲೇ ಇದೂ ಇಳೀಬೇಕು.”

“ಹಂಗಾದ್ರೆ ಮುಂದಿಂದೂ ಇಂಥದೇ ಹುಡುಕ್ತೀನಿ. ಸ್ವಲ್ಪ ದಿನ ತಡೀರಿ.”

“ಮುಂದಿಂದ್ಯಾಕೆ? ಗಾಡಿಗೆ ಒಂದೇ ಅಚ್ಚು ಇರಾದು.”

“ಗಾಡಿಗೆ ಮುಂದೆ ಎತ್ತು ಇರ್ತಾವಲ್ಲ ಭಾಯ್!”

ಮಾವ ಕೇಳಲಿಲ್ಲ. ಅತ್ತೆಯ ತಮ್ಮನ ಮಗುವಿಗೆ ತೊಟ್ಟಿಲು ಶಾಸ್ತ್ರ ಹತ್ತಿರವಿತ್ತು, ಅದಕ್ಕೆ ಅವಳನ್ನು ಜೀಪಿನಲ್ಲೇ ಕರೆದೊಯ್ಯುವ ಹಟ. ಸ್ಪ್ರಿಂಗ್ ಪಟ್ಟಿಗಳು ಕೂರುವ ಜಾಗವನ್ನು ಹೊಸದಾಗಿ ವೆಲ್ಡ್ ಮಾಡಿ ಹಿಂದಿನ ಆಕ್ಸಲ್ ಒಂದನ್ನೇ ಕೂರಿಸಿದರು. ಮೊದಲು ನಾವಿಬ್ಬರೇ ಬಂಡೆಗೆ ಹೋಗಿ ಓಡಿಸಿ ನೋಡಿದೆವು. ಹಿಂದಿನ ಎರಡೂ ಚಕ್ರ ಜಾಡಿಗಿಳಿದವು. ಮುಂದೆ ಮಾತ್ರ ಮೊದಲಿನಂತೆ ಒಂದು ತಗ್ಗಿನಲ್ಲಿ, ಒಂದು ದಿಣ್ಣೆಯ ಮೇಲೆ. ಸೊಂಟ ಹಿಡಿದ ಮುದುಕನ ಹಾಗೆ ಜೀಪು ತಿರುಚಿಕೊಂಡು ನರಳಿತು. ಮಾವ ಇಂಜಿನ್ ನಿಲ್ಲಿಸಿ, ಇಳಿದು ದಿಣ್ಣೆಯ ಮೇಲಿದ್ದ ಮುಂದಿನ ಚಕ್ರವನ್ನು ಬಗ್ಗಿ ನೋಡಿದ.

“ಎತ್ತು ಮರ್ತೆ ಕಣವ್ವ,” ಅಂದ.

ತೊಟ್ಟಿಲು ಶಾಸ್ತ್ರಕ್ಕೆ ಅತ್ತೆ ನಡೆದೇ ಹೋದಳು. ಆ ಸಲ ಅವನು ಜೀಪು ತರಲಿಲ್ಲ. ಅವಳ ಗಂಟನ್ನು ತಲೆಯ ಮೇಲಿಟ್ಟುಕೊಂಡು ತಾನೂ ಜೊತೆಗೆ ನಡೆದ.

ಮುಂದಿನ ಆಕ್ಸಲ್ ರಾಯದುರ್ಗದ ಕಡೆಯಿಂದ ಬಂದದ್ದು ಮಳೆಗಾಲ ಶುರುವಾದ ಮೇಲೆ ಎಂದು ನನ್ನ ನೆನಪು. ಮಳೆಗೆ ಮುಂಚೆಯೇ ಎನ್ನುತ್ತಾಳೆ ಅವ್ವ. ಅಂತೂ ಬಂತು. ಮತ್ತೊಮ್ಮೆ ತವರಿಗೆ ಹೊರಟ ದಿನ ಮಾವ ಜೀಪನ್ನು ಬಾಗಿಲಿಗೇ ತಂದು ನಿಲ್ಲಿಸಿದ.

“ಬಾರೇ. ಈಗ ನಾಕೂ ಜಾಡಿಗೆ ಇಳೀತಾವೆ.”

“ನಾಕೂ ಇಳೀತಾವೋ, ನಮ್ಮನ್ನ ಇಳಿಸ್ತಾವೋ?” ಅಂದಳು ಅತ್ತೆ. ಅಂದವಳೇ ಸೆರಗು ಬಿಗಿದು ಹತ್ತಿ ಕೂತಳು.

ನಾನು ಹಿಂದಿನ ತೊಟ್ಟಿಯಲ್ಲಿ ನಿಂತಿದ್ದೆ. ನಾಲ್ಕೂ ಚಕ್ರಗಳು ಕಲ್ಲಿನ ಕಾಲುವೆಗಿಳಿದು, ಜೀಪು ಆ ಬಂಡೆಯ ಮೇಲೆ ಮೊದಲ ಬಾರಿಗೆ ನೆಟ್ಟಗೆ ನಡೆಯಿತು. ಸೀಟಿನ ಮುಂದಿನ ಕಂಬಿಯನ್ನು ಅತ್ತೆ ಎರಡೂ ಕೈಯಿಂದ ಹಿಡಿದಿದ್ದಳು, ನರ ಉಬ್ಬುವಷ್ಟು ಬಿಗಿಯಾಗಿ. ಹಟ್ಟಿ ಮುಟ್ಟುವವರೆಗೂ ಆ ಹಿಡಿತ ಸಡಿಲಲಿಲ್ಲ. ಮಾವ ಅದನ್ನು ನೋಡಿದನೋ ಇಲ್ಲವೋ. ಕನ್ನಡಿಯಲ್ಲಿ ಕಂಡ ಅವನ ಮುಖದ ತುಂಬ ನಗೆಯಿತ್ತು. ಆಮೇಲೆ ಅವಳು ನಡೆದು ಹೋದದ್ದನ್ನು ಯಾರೂ ಕಂಡಿಲ್ಲ.

ಕೆಲವು ವರ್ಷಗಳ ನಂತರ ಎದೆನೋವೆಂದು ಮಲಗಿದ ಮಾವ ಏಳಲಿಲ್ಲ. ಜೀಪನ್ನು ಆಂಧ್ರದ ಕಡೆಯವರು ಯಾರೋ ಕೊಂಡುಹೋದರು. ಈಗ ಗುಡ್ಡದ ಹಟ್ಟಿಗೆ ಡಾಂಬರು ರಸ್ತೆಯಿದೆ.

ಕಳೆದ ಸಲ ಮಾವನ ಮನೆಗೆ ಹೋದಾಗ ಅತ್ತೆ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಸುಲಿಯುತ್ತ, ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದೆ. ಅವಳು ಇನ್ನೊಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದಳು. ಇವತ್ತಿಗೂ ಅವಳು ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ: “ಅತ್ತೆ, ಅವತ್ತು ನಿನ್ನ ಭಯ ಹೋಗಿತ್ತಾ, ಇಲ್ಲಾ ಭಯ ಇಟ್ಕೊಂಡೇ ಹತ್ತಿದ್ಯಾ?”